ಒಂದು ಆಟಕ್ಕೆ ಹೆಸರಿಡಲು ಹೋಗಿ

ಡಿಪ್ಲೊಮಾದಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಈಗ ಬೆಂಗಳೂರಿನಲ್ಲಿದ್ದಾನೆ. ಪತ್ರಿಕೆ ಸಹವಾಸ ಬಿಟ್ಟು ಜಾಹೀರಾತು ಬರೆಯುವ ಕೆಲಸ ಹಿಡಿದ. ಶನಿವಾರ ರಾತ್ರಿ ನಾಲ್ಕೈದು ಜನ ಸೇರಿ ಟೇಬಲ್ ಸುತ್ತ ಕೂತು ಕತೆ ಆಡುತ್ತಾರಂತೆ. ಒಬ್ಬ ಕತೆ ನಡೆಸುವವನು. ಉಳಿದವರು ಒಂದೊಂದು ಪಾತ್ರ. "ಬಾಗಿಲ ಹಿಂದೆ ಏನೋ ಸದ್ದಾಗುತ್ತಿದೆ, ಏನು ಮಾಡುತ್ತೀರಿ?" ಅಂತ ಅವನು ಕೇಳಬೇಕು, ಇವರು ಹೇಳಬೇಕು. ಹೇಳಿದ್ದು ನಡೆಯಿತೋ ಇಲ್ಲವೋ ಅನ್ನೋದನ್ನು ದಾಳ ಹಾಕಿ ನೋಡುವುದು. ರೋಲ್ ಪ್ಲೇಯಿಂಗ್ ಗೇಮ್ ಅಂತ ಅದರ ಹೆಸರು. ಮೊದಲ ಸಲ ಕೇಳಿದಾಗ ನಮಗೆ ನಗು ಬಂದಿತ್ತು. ನಮ್ಮ ಕಡೆ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು, ಒಂದು ರಾತ್ರಿ ದುರ್ಯೋಧನನಾಗಿ ಬೆಳಗ್ಗೆ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವವರು ಊರಿಗೆ ಹತ್ತು ಜನ ಇದ್ದಾರೆ. ಬೆಂಗಳೂರಿನವರು ಅದನ್ನೇ ಸೀನರಿ ಇಲ್ಲದೆ ಆಡುತ್ತಾರೆ, ಅಷ್ಟೇ ಅಂದುಕೊಂಡೆವು.

ಹೋದ ವರ್ಷ ಮಳೆಗಾಲದಲ್ಲಿ ಅವನು ಫೋನ್ ಮಾಡಿದ. "ಗುರು, ಹೊಳೆ ಬಂದಾಗ ನಿಮ್ಮೂರ ಮಕ್ಕಳು ಒಂದು ಆಟ ಕಟ್ಟಿದ್ರು ಅಂದಿದ್ಯಲ್ಲ, ಅದನ್ನ ಬರ್ಕೊಡು. ಸಣ್ಣ ಪುಸ್ತಕ ಮಾಡಿ ಐವತ್ತು ಕಾಪಿ ಹಾಕ್ಸೋಣ. ಒಂದು ಹೆಸರು ಮಾತ್ರ ಬೇಕು, ಖಡಕ್ಕಾಗಿರ್ಬೇಕು" ಅಂದ.

ಹೆಸರು ತಾನೆ, ಒಂದು ಗಂಟೆ ಕೆಲಸ ಅಂದುಕೊಂಡೆವು. ದಿನಕ್ಕೆ ನಾಲ್ಕು ಸುದ್ದಿಗೆ ತಲೆಬರಹ ಕೊಡುವವರು ನಾವು. ಆದರೆ ಹೆಸರು ಸಿಕ್ಕಿದ್ದು ಎರಡೂವರೆ ತಿಂಗಳ ಮೇಲೆ. ಅದನ್ನು ಬರೆಯಲು ಹೊರಟರೆ ನಮ್ಮ ಒಂದು ಹಳೇ ವಿಷಯವನ್ನೂ ಬರೆಯಬೇಕಾಗುತ್ತದೆ. ಬರೆಯುತ್ತೇವೆ. (ಸುದ್ದಿಯಲ್ಲಿ 'ನಾನು' ಅನ್ನಬಾರದು ಅಂತ ಕಲಿಸಿದ್ದರು. ಹದಿನಾಲ್ಕು ವರ್ಷದಲ್ಲಿ ಕೈ 'ನಾವು'ಗೆ ಒಗ್ಗಿಹೋಗಿದೆ, ಮನ್ನಿಸಿ.)

ನಮ್ಮೂರು ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು. ಕಾವೇರಿ ಪಕ್ಕದಲ್ಲೇ. ಮೇಲೆ ತಿರುಮಕೂಡಲಿನಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುತ್ತಾಳೆ. ಹಾಗಾಗಿ ನಮಗೆ ಒಂದಲ್ಲ, ಎರಡು ಅಣೆಕಟ್ಟೆಯ ಋಣ. ಕನ್ನಂಬಾಡಿಯಲ್ಲಿ 124.80 ಅಡಿ ಮುಟ್ಟಿದರೆ ಮುಖ್ಯಮಂತ್ರಿಗಳು ಬಾಗಿನ ಬಿಡುತ್ತಾರೆ. ನಾವೂ ಅದನ್ನು ಸಂತೋಷದ ಸುದ್ದಿಯಾಗಿ ಓದುತ್ತೇವೆ. ಕೊಡಗಿನಲ್ಲೂ ವೈನಾಡಿನಲ್ಲೂ ಒಟ್ಟಿಗೆ ಮಳೆ ಹಿಡಿದು ಕನ್ನಂಬಾಡಿ, ಕಬಿನಿ ಎರಡರಿಂದಲೂ ಒಟ್ಟಿಗೆ ನೀರು ಬಂದಾಗ ಮಾತ್ರ ಸಂತೋಷ ಮುಗಿಯುತ್ತದೆ. 2018ರ ಆಗಸ್ಟ್‌ನಲ್ಲಿ ಹಾಗಾಯಿತು. 2019ರ ಆಗಸ್ಟ್‌ನಲ್ಲಿ ಮತ್ತೆ ಆಯಿತು. ದಾಸನಪುರ, ಹರಳೆ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಯಡಕುರಿಯ: ಹೊಳೆ ಸಾಲಿನ ಈ ಹೆಸರುಗಳೆಲ್ಲ ಆ ಎರಡು ವರ್ಷ ಪತ್ರಿಕೆಯಲ್ಲಿ ಒಂದೇ ವಾಕ್ಯದಲ್ಲಿ ಬರುತ್ತಿದ್ದವು.

ಎರಡನೇ ವರ್ಷ ಊರಿನವರಲ್ಲಿ ಕೆಲವರು ಕೇಂದ್ರದಲ್ಲಿದ್ದರು. ಗಂಜಿ ಕೇಂದ್ರ ಅನ್ನುತ್ತಿದ್ದುದನ್ನು ಆಮೇಲಾಮೇಲೆ ಕಾಳಜಿ ಕೇಂದ್ರ ಅಂತ ಕರೆಯತೊಡಗಿದರು. ಅನ್ನ ಸಾರು ಅದೇ, ಶಾಲೆ ಕೊಠಡಿಯೂ ಅದೇ. ಜನ ಈಗಲೂ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ. ಕಾಗದದ ಮೇಲೆ ಬದಲಾಯಿಸಿದ ಹೆಸರು ಬಾಯಿಗೆ ಬರಬೇಕಾದರೆ ಬಾಯಿಗೂ ಅದರಿಂದ ಏನಾದರೂ ಸಿಗಬೇಕು.

ಅಲ್ಲಿ ಮಕ್ಕಳಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಹೊರಗೆ ಕೆಸರು. ಎರಡನೇ ದಿನ ಕೊಠಡಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಬೀದಿ ಬರೆದಿದ್ದರು. ಎರಡು ಸಾಲು ಮನೆ, ನಡುವೆ ರಸ್ತೆ, ಒಂದು ತುದಿಗೆ ಹೊಳೆ. ಹುಣಸೆಬೀಜವನ್ನು ಒಂದು ಪಕ್ಕ ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಂಡು ನಾಲ್ಕು ದಾಳ. ಚೌಕಾಬಾರಕ್ಕೆ ಕವಡೆ ಇಲ್ಲದಾಗ ಮಾಡುವ ಹಾಗೆ. ಒಬ್ಬ ಹುಡುಗ 'ಡ್ಯಾಮ್'. ಅವನು ಟವೆಲ್ ಮರೆಯಲ್ಲಿ ಬೀಜ ಹಾಕುತ್ತಾನೆ. ಎಷ್ಟು ಬಿಳಿ ಮೇಲೆ ಬಿತ್ತೋ ಹೊಳೆ ಅಷ್ಟು ಮನೆ ಮುಂದೆ ಬರುತ್ತದೆ. ಆದರೆ ಎಷ್ಟು ಬಿದ್ದಿದೆ ಅಂತ ಯಾರಿಗೂ ತೋರಿಸುವ ಹಾಗಿಲ್ಲ. ಉಳಿದವರಲ್ಲಿ ಒಬ್ಬಳು ಅಜ್ಜಿ. ಅಜ್ಜಿ ಮನೆ ಬಿಟ್ಟು ಬರುವುದಿಲ್ಲ, ಅದೇ ಅವಳ ಆಟ. ಇನ್ನೊಬ್ಬ ಸಾಹೇಬ್ರು. ಸಾಹೇಬ್ರು ಪುಸ್ತಕದ ಭಾಷೆಯಲ್ಲೇ ಮಾತಾಡಬೇಕು: "ಎಲ್ಲರೂ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು." ಬಾಯಿ ತಪ್ಪಿ ಊರ ಮಾತು ಬಂದರೆ ಆ ಸುತ್ತಿಗೆ ಸಾಹೇಬ್ರು ಔಟು. ಉಳಿದವರು ಮನೆಮಂದಿ. ಒಂದೊಂದು ಸುತ್ತಿಗೆ ಒಂದೊಂದು ಸಾಮಾನು ಎತ್ತಿಕೊಂಡು ಮೇಲಿನ ಮನೆಗೆ ಹೋಗಬೇಕು. ಹಸು, ರೇಷನ್ ಕಾರ್ಡು, ಗ್ಯಾಸ್ ಸಿಲಿಂಡರ್, ಟಿವಿ, ಬಿತ್ತನೆ ಭತ್ತ, ಕೋಳಿ. ಯಾವುದು ಮೊದಲು ಅನ್ನೋದೇ ಜಗಳ.

ಜಗಳದಲ್ಲೇ ಆಟ ಇತ್ತು. "ಒಬ್ನೇ ಹಸ ಎಳ್ಕೊಂಡು ಅಷ್ಟು ದೂರ ಹೋದಯ?" ಅಂತ ಒಬ್ಬ ಕೇಳಿದರೆ ಹಸುವಿನವನು ಹೇಗೆ ಹೋದೆ ಅಂತ ಕತೆ ಹೇಳಬೇಕು. ಕತೆ ಒಪ್ಪಿಗೆಯಾದರೆ ಹಸು ಉಳಿಯಿತು. ಅಜ್ಜಿಯನ್ನು ಹೊರಡಿಸಲು ಎಲ್ಲರೂ ಸೇರಿ ಮಾತಾಡಬೇಕು. ಅಜ್ಜಿಯಾದ ಹುಡುಗಿ ಎಂಥ ಉತ್ತರ ಕೊಡುತ್ತಿದ್ದಳು ಅಂದರೆ, ಅವಳ ನಿಜವಾದ ಅಜ್ಜಿ ಅದೇ ಕೊಠಡಿಯ ಇನ್ನೊಂದು ಮೂಲೆಯಲ್ಲಿ ಕೂತು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು.

ಈ ಆಟ ಕಟ್ಟಿದ ಮುಖ್ಯಸ್ಥೆ ನಮ್ಮ ಅಕ್ಕನ ಮಗಳು. ಆಗ ಐದನೇ ಕ್ಲಾಸು. ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಳು.

ಗೆಳೆಯ ಮೊದಲು ಕಳಿಸಿದ ಹೆಸರಿನ ಪಟ್ಟಿ ಹೀಗಿತ್ತು: ಜಲಪ್ರಳಯ, ಕಾವೇರಿಯ ಕೋಪ, ಮುಳುಗಡೆ, ರಿವರ್ ರೈಸಿಂಗ್. ನಾವು ಸೇರಿಸಿದ್ದು: ಹೊಳೆ ಬಂತು, ನಡುಗಡ್ಡೆ, ಕೊನೆಯ ಮನೆ. ಒಂದೂ ಕೂರಲಿಲ್ಲ. ಯಾಕೆ ಕೂರುತ್ತಿಲ್ಲ ಅಂತ ಹೇಳಲು ಇಬ್ಬರಿಗೂ ಬರಲಿಲ್ಲ. ಹಾಗಾಗಿ ಒಳ್ಳೆಯ ಹೆಸರುಗಳನ್ನು ಹಿಡಿದು ನೋಡೋಣ, ಅವು ಏನು ಮಾಡುತ್ತವೆ ಅಂತ ಶುರು ಮಾಡಿದೆವು. ಅವನು ಅವನ ಕಡೆಯದು ಹೇಳಿದ, ನಾವು ನಮ್ಮ ಕಡೆಯದು.

ಅವನ ಕಡೆಯ ಮೂಲಪುರುಷ 'ಡಂಜನ್ಸ್ ಅಂಡ್ ಡ್ರಾಗನ್ಸ್'. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನುವ ಇಬ್ಬರು ತಂದ ಆಟ. ಬರೆಯುವಾಗ ಗೈಗ್ಯಾಕ್ಸ್ ಅದನ್ನು ಬರೀ 'ಫ್ಯಾಂಟಸಿ ಗೇಮ್' ಅನ್ನುತ್ತಿದ್ದರು. 'ಕಲ್ಪನಾ ಆಟ' ಅಂದ ಹಾಗೆ, ಸರ್ಕಾರಿ ಫೈಲಿನ ಹೆಸರು. ಆಮೇಲೆ ಕೆಲವು ಹೆಸರು ಪಟ್ಟಿ ಮಾಡಿ ಮನೆಯವರಿಗೆ ಓದಿ ಹೇಳಿದಾಗ ಪುಟ್ಟ ಮಗಳು ಇದನ್ನೇ ಹಿಡಿದಳು ಅಂತ ಅವರೇ ಹೇಳಿಕೊಂಡಿದ್ದಾರೆ. ನೆಲಮಾಳಿಗೆ ಮತ್ತು ಘಟಸರ್ಪ ಅನ್ನಬಹುದೇನೋ. ಎಲ್ಲಿಗೆ ಹೋಗುತ್ತೀರಿ, ಅಲ್ಲಿ ಏನಿದೆ, ಎರಡೂ ಹೆಸರಿನಲ್ಲೇ ಬಂತು. ಮೇಲೆ ಪ್ರಾಸವೂ ಆಯಿತು.

ಹಾಗೆ ನೋಡಿದರೆ ನಮ್ಮ ಹುಲಿ-ಕುರಿ ಅದಕ್ಕಿಂತ ಗಟ್ಟಿ. ಮೂರು ಹುಲಿ, ಹದಿನೈದು ಕುರಿ. ಹಳೇ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಈಗಲೂ ಇದರ ಗೀಟು ಕಾಣುತ್ತದೆ. ಹೆಸರು ಕೇಳಿದ ತಕ್ಷಣ ಮಗು ಕೇಳುವುದು ಒಂದೇ ಪ್ರಶ್ನೆ: ನಾನು ಹುಲಿನೋ ಕುರಿನೋ? ನಿಯಮ ಹೇಳುವ ಮೊದಲೇ ಆಟಗಾರ ಪಾತ್ರ ಹಿಡಿದುಬಿಟ್ಟ. ಹೆಸರೇ ಅರ್ಧ ಕೆಲಸ ಮಾಡಿತು.

ಚೌಕಾಬಾರದ್ದು ಬೇರೆ ರೀತಿ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಅಂದರೆ ಆಟದ ಹೆಸರು ಆಟದ ಮಧ್ಯದ ಕೂಗು. ಜಗುಲಿಯಲ್ಲಿ ಯಾರೋ "ಬಾರಾ..." ಅಂತ ಅರಚಿದರೆ ಬೀದಿಯ ಆ ತುದಿಯವರಿಗೂ ಆಟ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಹೆಸರನ್ನು ಯಾರೂ ಇಟ್ಟ ಹಾಗೆ ಕಾಣುವುದಿಲ್ಲ, ಕೂಗಿ ಕೂಗಿ ಆಗಿದೆ.

ಇಟ್ಟ ಹೆಸರುಗಳೂ ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಹುಚ್ಚಿದ್ದ ದೊರೆ. ಶ್ರೀತತ್ತ್ವನಿಧಿಯ ಕೌತುಕ ನಿಧಿಯಲ್ಲಿ ಗಂಜೀಫಾ ಎಲೆಯಾಟಗಳನ್ನೇ ಹದಿಮೂರು ಬಗೆ ವಿವರಿಸಿದ್ದಾರೆ. 36 ಎಲೆಯಿಂದ ಹಿಡಿದು 360 ಎಲೆಯವರೆಗೆ. ಚಾಮುಂಡೇಶ್ವರಿ ಛದ, ನವರತ್ನ ಛದ, ಕೃಷ್ಣರಾಜ ಛದ, ಹೀಗೆ ಹೆಸರುಗಳು. ನೋಡಲು ಕಣ್ಣು ಸಾಲದಷ್ಟು ಚೆಂದದ ಎಲೆಗಳು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಹಳೇ ಆಟಗಳ ಪ್ರದರ್ಶನ ಮಾಡುತ್ತಾರೆ. ಚೌಕಾಬಾರದ ಪಟ, ಅಳಿಗುಳಿ ಮಣೆ ಎಲ್ಲ ಅಲ್ಲಿ ಸಿಗುತ್ತದೆ, ಜನ ಕೊಂಡೂ ಹೋಗುತ್ತಾರೆ. ಆದರೆ ಕೃಷ್ಣರಾಜ ಛದ ಆಡೋಣ ಬಾ ಅಂತ ಯಾರ ಜಗುಲಿಯಲ್ಲೂ ನಾವು ಕೇಳಿಲ್ಲ. ಅಂಥ ಎಲೆಗಳನ್ನು ಹೊಂದಿಸುವುದು ಕಷ್ಟ, ನಿಜ. ಅದರ ಜೊತೆಗೆ, ಆ ಹೆಸರುಗಳಲ್ಲಿ ದೇವಿ ಇದ್ದಾಳೆ, ದೊರೆ ಇದ್ದಾರೆ, ಆಡುವವನು ಇಲ್ಲ. ಇದು ನಮ್ಮ ಊಹೆ, ಅರಮನೆಯವರು ಬೇಜಾರು ಮಾಡಿಕೊಳ್ಳಬಾರದು.

ಪರಮಪದ ಸೋಪಾನ ಪಟವನ್ನೇ ನೋಡಿ. ವೈಕುಂಠ ಏಕಾದಶಿ ರಾತ್ರಿ ಜಾಗರಣೆಗೆ ಆಡುವುದು. ಅದೇ ಆಟವನ್ನು ನಮ್ಮ ಮಕ್ಕಳು ಹಾವು-ಏಣಿ ಅನ್ನುತ್ತಾರೆ. ಒಂದು ಹೆಸರು ಕೊನೆಗೆ ಎಲ್ಲಿ ಮುಟ್ಟುತ್ತೀರಿ ಅಂತ ಹೇಳುತ್ತದೆ. ಇನ್ನೊಂದು ದಾರಿಯಲ್ಲಿ ಏನಾಗುತ್ತದೆ ಅಂತ ಹೇಳುತ್ತದೆ. ಯಾವುದು ಮನೆ ಮನೆಗೆ ಹೋಯಿತು ಅಂತ ಬೇರೆ ಹೇಳಬೇಕಿಲ್ಲ.

ಗೆಳೆಯ ಇದಕ್ಕೆ ತಕರಾರು ತೆಗೆದ. ಎಲ್ಲ ಹೆಸರೂ ಹಾಗೇ ಕೈಗೆ ಸಿಗುವಂತಿರಬೇಕು ಅಂತೇನಿಲ್ಲ, ಬಾಯಿಗೆ ಬರದ ಹೆಸರಿಗೂ ಬೆಲೆಯಿದೆ ಅಂದ. 1981ರಲ್ಲಿ ಬಂದ 'ಕಾಲ್ ಆಫ್ ಕ್ತುಲ್ಹು' ಅಂತ ಒಂದು ಆಟ. ಆ ಕ್ತುಲ್ಹು ಅನ್ನುವುದು ಸಮುದ್ರದ ತಳದಲ್ಲಿ ಮಲಗಿರುವ ಭೂತ. ಉಚ್ಚರಿಸಲು ಮನುಷ್ಯರ ನಾಲಿಗೆಗೆ ಆಗುವುದಿಲ್ಲ, ಅದೇ ಅದರ ಹೆದರಿಕೆ. ಆಟದ ಹೆಸರು ಭೂತದ್ದು, ಅದನ್ನು ಎದುರಿಸುವವರದ್ದಲ್ಲ. 1984ರ ಇನ್ನೊಂದು, 'ಪ್ಯಾರನಾಯ'. ಅನುಮಾನದ ಕಾಯಿಲೆ ಅಂತ ಅರ್ಥ. ಆಡುವವರೆಲ್ಲ ಒಬ್ಬರ ಮೇಲೊಬ್ಬರು ಅನುಮಾನಪಡುವುದೇ ಆಟ. ಹೆಸರು ಓದಿ ಕೂತವನು ಮೊದಲ ಸುತ್ತಿಗೇ ಪಕ್ಕದವನ ಕಡೆ ವಾರೆ ನೋಟ ಹಾಕುತ್ತಾನಂತೆ.

ಭೂತದ ಹೆಸರು ಅಂದಾಗ ನಮಗೆ ಬೆಟ್ಟದ ಕತೆ ನೆನಪಾಯಿತು. ಮಲೆ ಮಾದಪ್ಪನ ಕಾವ್ಯವನ್ನು ಕಂಸಾಳೆಯವರು ಒಂದೇ ಸಲಕ್ಕೆ ಹಾಡುವುದಿಲ್ಲ. ಸಾಲು ಸಾಲಾಗಿ ಹಾಡುತ್ತಾರೆ. ಇಡೀ ಕಾವ್ಯ ಮಾದಪ್ಪನದು, ಆದರೆ ಸಾಲಿನ ಹೆಸರುಗಳನ್ನು ನೋಡಿ: ಸಂಕಮ್ಮನ ಸಾಲು, ಶ್ರವಣಾಸುರನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ದೇವರು ಪ್ರತಿ ಸಾಲಿನಲ್ಲೂ ಇರುತ್ತಾನೆ, ಅವನ ಹೆಸರು ಯಾಕೆ ಬೇಕು? ಆ ರಾತ್ರಿ ಯಾರ ಮನೆ ಬಾಗಿಲಲ್ಲಿ ಕತೆ ನಿಂತಿದೆಯೋ ಅವರ ಹೆಸರು. ಗಂಡ ನೀಲೇಗೌಡ ಅನುಮಾನಪಟ್ಟು ಭಾಷೆ ಕೇಳುತ್ತಾನೆ, ಸಂಕಮ್ಮ ಒಬ್ಬಳೇ ನಿಂತಿದ್ದಾಳೆ. ಸಂಕಮ್ಮನ ಸಾಲು ಅಂದರೆ ಕೇಳುವವರು ಕೂತ ಜಾಗದಿಂದಲೇ ಅವಳ ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ. ನಮ್ಮವ್ವ ಎಷ್ಟೋ ಸಲ ಕೇಳಿದ್ದಾಳೆ, ಈಗಲೂ ಆ ಸಾಲು ಹಾಡುತ್ತಾರೆ ಅಂದರೆ ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ ಕೂರುತ್ತಾಳೆ.

ಇದನ್ನು ಗೆಳೆಯನಿಗೆ ಹೇಳುತ್ತಿದ್ದಾಗಲೇ ನಮ್ಮ ಪಟ್ಟಿಯ ಕೊರತೆ ಏನು ಅಂತ ಹೊಳೆಯಿತು. ಜಲಪ್ರಳಯ, ಕಾವೇರಿಯ ಕೋಪ, ಮುಳುಗಡೆ: ಇವೆಲ್ಲ ಹೊಳೆಯನ್ನು ಸೇತುವೆ ಮೇಲೆ ನಿಂತು ನೋಡುವವರ ಮಾತು. ಫೋಟೊ ತೆಗೆಯುವವರದ್ದು. ಬೀದಿಯೊಳಗೆ ನಿಂತವರದ್ದಲ್ಲ.

ಸೇತುವೆ ಮೇಲೆ ನಿಂತು ನೋಡುವವರಲ್ಲಿ ನಾವು ಮೊದಲಿಗರು. 'ಕಾವೇರಿ ಆರ್ಭಟ'. 'ಉಕ್ಕಿ ಹರಿದ ನದಿ, ಜನಜೀವನ ಅಸ್ತವ್ಯಸ್ತ'. 'ರುದ್ರನರ್ತನ' ಅಂತಲೂ ಒಮ್ಮೆ ಬರೆದಿದ್ದೇವೆ, ಡೆಸ್ಕಿನವರು ಬಹಳ ಮೆಚ್ಚಿದ್ದರು. ಈ ತಲೆಬರಹಗಳಲ್ಲೆಲ್ಲ ಹೊಳೆಗೆ ಸಿಟ್ಟು ಬಂದಿದೆ. ಹೊಳೆಗೆ ಸಿಟ್ಟೂ ಇಲ್ಲ ಮಣ್ಣೂ ಇಲ್ಲ. ಮೇಲೆ ಗೇಟು ಎತ್ತಿದ್ದಾರೆ, ಕೆಳಗೆ ಬಂದಿದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಅಷ್ಟು ನೀರು ಎಷ್ಟು ಹೊತ್ತಿಗೆ ಯಾರ ಹಿತ್ತಿಲಿಗೆ ಮುಟ್ಟುತ್ತದೆ ಅನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುವ ವಿಷಯ. ಗೊತ್ತಾಗಬೇಕಾದವರಿಗೆ ಯಾವಾಗ ಗೊತ್ತಾಯಿತು ಅನ್ನುವುದೇ ಪ್ರಶ್ನೆ.

ಇಲ್ಲಿ ಆ ಹಳೇ ವಿಷಯ ಬರೆಯಬೇಕು.

2019ರ ಆ ಸಂಜೆ ನಾವು ಕೊಳ್ಳೇಗಾಲದಲ್ಲಿದ್ದೆವು. ಹೊರಹರಿವು ಏರಿಸುತ್ತಾರೆ ಅನ್ನುವ ಲೆಕ್ಕ ಫೋನಿಗೆ ಬಂತು. ಎರಡೂ ಕಡೆಯದು ಕೂಡಿಸಿದರೆ ಹಿಂದಿನ ವರ್ಷದಷ್ಟೇ ಆಗುತ್ತದೆ ಅಂತ ತಕ್ಷಣ ಗೊತ್ತಾಯಿತು. ಅಷ್ಟರಲ್ಲಿ ಡೆಸ್ಕಿನಿಂದ ಫೋನು. ಜಿಲ್ಲಾ ಪುಟ ಹಿಡಿದಿಟ್ಟಿದ್ದೇವೆ, ಬೇಗ ಕಳಿಸಿ. ಕೂತು ಬರೆದೆವು. ಹಳ್ಳಿಗಳ ಹೆಸರು ಬರೆಯುವಾಗ ಮುಳ್ಳೂರು ಅಂತಲೂ ಟೈಪು ಮಾಡಿದೆವು. ಹಳೇ ಫೋಟೊ ಹುಡುಕಿ ಜೋಡಿಸಿದೆವು. ಸ್ಟ್ರಿಂಗರಿಗೆ ಬಂದ ಸುದ್ದಿಯ ಲೆಕ್ಕದಲ್ಲಿ ಕಾಸು. ಪುಟ ತಪ್ಪಿದರೆ ಅದೂ ಇಲ್ಲ. ಕಳಿಸಿ, ತಲುಪಿತು ಅಂತ ಅವರು ಹೇಳಿದ ಮೇಲೆ ಮನೆಗೆ ಫೋನ್ ಮಾಡಿದೆವು. ಅಷ್ಟಾಗುವ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ಊರಲ್ಲಿ ಕರೆಂಟು ಹೋಗಿತ್ತು. ಅಕ್ಕನ ಫೋನ್ ಸ್ವಿಚ್ ಆಫ್. ಪಕ್ಕದ ಮನೆಯವರು ಎತ್ತಲಿಲ್ಲ. ಬೈಕಿನಲ್ಲಿ ಹೋಗುವಷ್ಟರಲ್ಲಿ ಕತ್ತಲು.

ಮನೆಯವರೆಲ್ಲ ಹೊರಗೆ ಬಂದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಹಿತ್ತಿಲ ಕೊಟ್ಟಿಗೆಯಲ್ಲಿ ಎರಡು ತಿಂಗಳ ಕರು ಒಂದಿತ್ತು. ಹಸುವನ್ನು ಬಿಚ್ಚಿಕೊಂಡು ಬಂದು ಅವ್ವ ಮತ್ತೆ ಕರುವಿಗೆ ಹೋಗಿದ್ದಾಳೆ, ನೀರು ಸೊಂಟದವರೆಗೆ ಬಂದಿದೆ, ಹಗ್ಗದ ಗಂಟು ನೆನೆದು ಬಿಗಿದುಕೊಂಡಿದೆ. ಅಕ್ಕ ಹೋಗಿ ಅವ್ವನನ್ನು ಎಳೆದುಕೊಂಡು ಬಂದಳು. ನಲವತ್ತು ನಿಮಿಷ ಮುಂಚೆ ಗೊತ್ತಾಗಿದ್ದರೆ ಕರು ಉಳಿಯುತ್ತಿತ್ತೋ ಇಲ್ಲವೋ. ಉಳಿಯುತ್ತಿತ್ತು ಅಂತ ನಮ್ಮ ಲೆಕ್ಕ. ಅವ್ವ ಕೇಳಲಿಲ್ಲ. ನಿನಗೆ ಯಾವಾಗ ಗೊತ್ತಾಯಿತು ಅಂತ ಯಾರೂ ಕೇಳಲಿಲ್ಲ. ಮಾರನೇ ದಿನ ಜಿಲ್ಲಾ ಪುಟದಲ್ಲಿ ಮೇಲುಗಡೆಯೇ ಬಂದಿತ್ತು.

ಆಟಕ್ಕೆ ಮರಳುತ್ತೇವೆ. ಗೆಳೆಯನಿಗೆ ಬರೆದುಕೊಡಲು ಅಕ್ಕನ ಮಗಳನ್ನು ಕೂರಿಸಿಕೊಂಡು ನಿಯಮಗಳನ್ನು ಒಂದೊಂದಾಗಿ ಕೇಳಿದೆವು. ಈಗ ಅವಳು ಎಸ್ಸೆಸ್ಸೆಲ್ಸಿ, ಆದರೂ ಎಲ್ಲ ನೆನಪಿತ್ತು. ಅವಳು ಹೇಳುವಾಗ ನಾವು ಕೇಂದ್ರದಲ್ಲಿ ಗಮನಿಸದಿದ್ದ ಒಂದು ಪಾತ್ರ ಬಂತು. ಪೇಪರ್ ಮಾವ.

"ಡ್ಯಾಮ್‌ನೋನು ಬೀಜ ಹಾಕ್ತಾನಲ್ಲ, ಎಷ್ಟ್ ಬಿದ್ದದೆ ಅಂತ ಪೇಪರ್ ಮಾವ ಒಬ್ನೇ ನೋಡ್ಬೋದು. ನೋಡಿ ಒಂದ್ ಸುತ್ತು ಸುಮ್ನಿರ್ಬೇಕು. ಆಮೇಲೆ ಹೇಳ್ಬೇಕು."

ಒಂದು ಸುತ್ತು ಯಾಕೆ ಸುಮ್ಮನಿರಬೇಕು ಅಂದೆವು.

"ಫೋನಲ್ಲಿರ್ತಾನಲ್ಲ ಮಾವ" ಅಂದಳು. ಅವಳ ಮಾತಲ್ಲಿ ಚುಚ್ಚು ಇರಲಿಲ್ಲ. ಅಜ್ಜಿ ಮನೆ ಬಿಡಲ್ಲ, ಸಾಹೇಬ್ರು ಪುಸ್ತಕದ ಮಾತಾಡ್ತಾರೆ, ಪೇಪರ್ ಮಾವ ಫೋನಲ್ಲಿರ್ತಾನೆ. ಕಂಡಿದ್ದನ್ನು ಕಂಡ ಹಾಗೆ ನಿಯಮ ಮಾಡಿದ್ದರು, ಅಷ್ಟೇ.

ಸುಮ್ಮನಿದ್ದ ಮೇಲೆ ಅವನು ಏನು ಹೇಳಬೇಕು ಅಂತ ಕೇಳಿದೆವು. ಎಷ್ಟು ಬಿದ್ದಿದೆ ಅಂತ ಹೇಳುತ್ತಾನಾ?

"ಇಲ್ಲ, ನಂಬರ್ ಹೇಳಂಗಿಲ್ಲ. ಬುಟ್ಟವ್ರಂತೆ ಅಂತ ಕೂಗ್ಬೇಕು. ಅಷ್ಟೇ. ಕೂಗಿದ ತಕ್ಷಣ ಎಲ್ಲಾರೂ ಎದ್ದು ಸಾಮಾನು ಎತ್ಕೋಬೇಕು."

ನಾವು ಪೆನ್ನು ಕೆಳಗಿಟ್ಟೆವು.

ಬುಟ್ಟವ್ರಂತೆ. ಬಿಟ್ಟಿದ್ದಾರಂತೆ ಅನ್ನುವುದರ ನಮ್ಮ ಕಡೆಯ ರೂಪ. ಕೊನೆಯ ಎತ್ವವನ್ನು ನಮ್ಮವರು ಅರ್ಧ ನುಂಗುತ್ತಾರೆ. ಮಳೆಗಾಲದಲ್ಲಿ ಹೊಳೆ ಸಾಲಿನ ಊರುಗಳಲ್ಲಿ ಈ ಒಂದು ಮಾತು ಸಾಕು. ಯಾರು ಬಿಟ್ಟರು ಅಂತ ಇಲ್ಲ. 'ಅವ್ರೆ' ಅಂತ ಬಹುವಚನ ಮಾತ್ರ ಇದೆ, ಮೇಲೆ ಎಲ್ಲೋ ಇರುವವರು. ಏನು ಬಿಟ್ಟರು ಅಂತಲೂ ಇಲ್ಲ, ಹೇಳಬೇಕಾಗಿಯೂ ಇಲ್ಲ. ಎಷ್ಟು ಅಂತ ಇಲ್ಲ. ಕೊನೆಗೆ ಆ 'ಅಂತೆ'. ಹೇಳುವವನು ಕಂಡಿಲ್ಲ, ಕೇಳಿದ್ದಾನೆ. ನಿಜವೋ ಸುಳ್ಳೋ, ಹೊರಡಬೇಕೋ ಕಾಯಬೇಕೋ ಕೇಳಿದವರೇ ತೀರ್ಮಾನಿಸಬೇಕು. ಆಟ ಇಡೀ ಆ ಮಾತಿನಲ್ಲಿ ಕೂತಿತ್ತು. ಹುಲಿ-ಕುರಿಯ ಹಾಗೆ ಪಾತ್ರವಿದೆ, ಚೌಕಾಬಾರದ ಹಾಗೆ ಕೂಗು, ಸಂಕಮ್ಮನ ಸಾಲಿನ ಹಾಗೆ ನಿಲ್ಲುವ ಜಾಗ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಒಂದು ಇಡೀ ವಾಕ್ಯ ಬೇಕಾಗುತ್ತದೆ, ಆಗಲೂ ಆ 'ಅಂತೆ' ಸಿಗುವುದಿಲ್ಲ.

ನಮಗೆ ಡಿಪ್ಲೊಮಾದಲ್ಲಿ ಮೊದಲು ಕಲಿಸಿದ್ದೇ 'ಅಂತೆ' ಬರೆಯಬಾರದು ಅಂತ. ಅಂತೆ ಕಂತೆ ಸುದ್ದಿಯಲ್ಲ. ಆಮೇಲೆ ಕೆಲಸಕ್ಕೆ ಸೇರಿದ ಮೇಲೆ 'ಎನ್ನಲಾಗಿದೆ' ಬರೆಯಬಹುದು ಅಂತ ಗೊತ್ತಾಯಿತು. 'ಎನ್ನಲಾಗಿದೆ'ಯಲ್ಲಿ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. 'ಅಂತೆ'ಯಲ್ಲಿ ಕನಿಷ್ಠ ಕೇಳಿಸಿಕೊಂಡ ಒಬ್ಬ ಮನುಷ್ಯ ಎದುರಿಗೆ ನಿಂತಿರುತ್ತಾನೆ.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಗಳೂರಲ್ಲಿ ಅರ್ಧ ಜನಕ್ಕೆ ಅರ್ಥ ಆಗಲ್ಲ ಗುರು" ಅಂದ. ಬಟ್ಟೆಯ ಅಂಗಡಿ ಅಂದುಕೊಳ್ಳುತ್ತಾರೆ ಅಂದ. ನಾವು ಕ್ತುಲ್ಹು ಯಾರಿಗೆ ಅರ್ಥವಾಗುತ್ತದೆ ಅಂತ ಕೇಳಿದೆವು. ನಕ್ಕ. ಕೊನೆಗೆ, ಹಳೇ ನಾಟಕದ ಕರಪತ್ರದಲ್ಲಿ ಹಾಕುವ ಹಾಗೆ ಕೆಳಗೆ ಒಂದು 'ಅರ್ಥಾತ್' ಹಾಕೋಣ ಅಂತ ಒಪ್ಪಂದವಾಯಿತು: 'ಬುಟ್ಟವ್ರಂತೆ, ಅರ್ಥಾತ್ ಹೊಳೆ ಸಾಲಿನ ಆಟ'. ಇಂಗ್ಲಿಷಿನ ಆಟಗಳೂ ಹೆಸರಿನ ಮುಂದೆ ಎರಡು ಚುಕ್ಕಿ ಇಟ್ಟು ಇದನ್ನೇ ಮಾಡುತ್ತವಂತೆ. ನಮ್ಮ ನಾಟಕದವರಿಗೆ ಇದು ಹೊಸದಲ್ಲ.

ಪೇಪರ್ ಮಾವನನ್ನು ಏನು ಮಾಡುವುದು ಅನ್ನುವುದು ಉಳಿಯಿತು. ಬರೆಯುವಾಗ ಬಿಟ್ಟುಬಿಡಬಹುದಿತ್ತು. ಅವನಿಲ್ಲದೆಯೂ ಆಟ ನಡೆಯುತ್ತದೆ, ಡ್ಯಾಮಿನವನೇ ಕೂಗಿದರಾಯಿತು. ಒಂದು ವಾರ ಹಾಗೇ ಬರೆದೂ ಇಟ್ಟಿದ್ದೆವು. ಅಕ್ಕನ ಮಗಳು ಓದಿ, "ಪೇಪರ್ ಮಾವ ಎಲ್ಲಿ?" ಅಂದಳು. ಜಾಸ್ತಿ ಪಾತ್ರವಾಯಿತು, ತೆಗೆದೆವು ಅಂದೆವು. "ಅವ್ನಿಲ್ದಿದ್ರೆ ಬುಟ್ಟವ್ರಂತೆ ಅನ್ನಕಾಗಲ್ವಲ್ಲ ಮಾವ. ಡ್ಯಾಮ್‌ನೋನು ಕೂಗಿದ್ರೆ ಬುಟ್ಟೆ ಅಂತ ಕೂಗ್ಬೇಕು" ಅಂದಳು. ವ್ಯಾಕರಣದಲ್ಲಿ ಅವಳದೇ ಸರಿ. ಹಾಕಿದೆವು.

ಮೊದಲ ಸಲ ಮನೆಯಲ್ಲಿ ಆಡಿ ನೋಡುವಾಗ ಅವ್ವ ಹಿಟ್ಟು ತೊಳೆಸುವುದು ಮುಗಿಸಿ ಬಂದು ಬಾಗಿಲಲ್ಲಿ ಕೂತಳು. ನಮಗೆ ಚೀಟಿಯಲ್ಲಿ ಬಂದದ್ದು ಹಸುವಿನವನ ಪಾತ್ರ. ಪೇಪರ್ ಮಾವನಾಗಿದ್ದ ಪಕ್ಕದ ಮನೆ ಹುಡುಗ ಬೀಜ ನೋಡಿ, ಕೈಯನ್ನು ಕಿವಿಗಿಟ್ಟುಕೊಂಡು ಸುಮ್ಮನೆ ಕೂತ.

"ಅವ ಯಾಕ್ಲಾ ಸುಮ್ನ ಕುಂತ?" ಅವ್ವ ಕೇಳಿದಳು.

ಅಕ್ಕನ ಮಗಳು ನಮ್ಮ ಮುಖ ನೋಡಿದಳು. ಅವನಿಗೆ ಗೊತ್ತು ಅವ್ವ, ಆದರೆ ಮೊದಲು ಪೇಪರಿಗೆ ಹೇಳಬೇಕು, ಆಮೇಲೆ ಮನೆಗೆ ಅಂದೆವು. ಆರು ವರ್ಷದಲ್ಲಿ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು.

ಅವ್ವ ಒಂದು ಗಳಿಗೆ ಏನೂ ಅನ್ನಲಿಲ್ಲ. ಆಮೇಲೆ ಕೈಚಾಚಿ ನೆಲದ ಮೇಲಿನ ಸೀಮೆಸುಣ್ಣದ ಕೊಟ್ಟಿಗೆಯನ್ನು ತೋರಿಸಿ, "ಹಂಗಾದ್ರ ಕರ ಮೊದ್ಲು ಬಿಚ್ಚು. ಹಸ ಅದ್ರಿಂದ್ಲ ಬತ್ತದ" ಅಂದಳು.

ಹಸುವಿನವರಾದ ನಾವು ಆ ಸುತ್ತಿಗೆ ಕರು ಬಿಚ್ಚಿದೆವು. ಕರು ಮುಂದೆ ಹೋದರೆ ಹಸು ತಾನಾಗೇ ಹಿಂದೆ ಬರುತ್ತದೆ ಅನ್ನುವುದು ಈಗ ಪುಸ್ತಕದಲ್ಲಿ ಹನ್ನೊಂದನೇ ನಿಯಮ.

ಹೋದ ವಾರ ಅಚ್ಚಿನ ಕರಡು ಬಂತು. ಮುಖಪುಟ ಜೋಡಿಸಿದವರು ತಪ್ಪೆಂದು ತಿಳಿದು ತಿದ್ದಿದ್ದರು: 'ಬಿಟ್ಟಿದ್ದಾರಂತೆ'. ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ 'ಬುಟ್ಟವ್ರಂತೆ' ಅಂತ ಬರೆದು, ಪಕ್ಕದಲ್ಲಿ 'ಹೀಗೇ ಇರಲಿ' ಅಂತ ಹಾಕಿ ವಾಪಸು ಕಳಿಸಿದ್ದೇವೆ.